ಹದಿನಾಲ್ಕನೆಯ ಕೂಗು

ಬೆಳಗಿನ ಐದೂವರೆ. ನೀರು ಇಳಿಯುತ್ತಿದೆ. ಸಾಂತಾ ರೂಫಿನಾದ ಮರದ ಕಟ್ಟೆಯ ಕೆಳಗೆ ಎರ್ಮೆಲಿಂಡಾ ಕೊರೋಸೊ ತಮ್ಮ ದೋಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ತಗಡಿನ ಡಬ್ಬಿಗೆ ತುಂಬಿದ ತೆಂಗಿನ ಸಿಪ್ಪೆಗೆ ಬೆಂಕಿ ತಾಗಿಸಿ ಊದುತ್ತಿದ್ದಾರೆ. ಉರಿ ಏಳಬಾರದು, ಹೊಗೆ ಮಾತ್ರ ಬರಬೇಕು. ಹೊಗೆಯಿಲ್ಲದೆ ಕಾಂಡ್ಲಾ ಕಾಡಿನೊಳಗೆ ಕಾಲಿಟ್ಟರೆ ಸೊಳ್ಳೆ, ನುಸಿಗಳು ಅರ್ಧ ಗಂಟೆಯಲ್ಲಿ ಓಡಿಸಿಬಿಡುತ್ತವೆ. ಐವತ್ತೆಂಟರ ಈ ಹೆಂಗಸು ನಲವತ್ತಾರು ವರ್ಷಗಳಿಂದ ಈ ಸಿಪ್ಪೆ ಊದುತ್ತಲೇ ಇದ್ದಾರೆ. ಕಣ್ಣಿನ ಬಿಳಿ ಭಾಗ ಕೆಂಪಗಾಗಿ ಹಾಗೆಯೇ ಉಳಿದಿದೆ.

"ಏನ್ ಪ್ರೋಫೆ, ಇವತ್ತು ಹುಟ್ಟು ಹಾಕ್ತೀರೋ, ಇಲ್ಲಾ ಬರೀ ಪೆನ್ನು ಆಡಿಸ್ತೀರೋ?" ಎನ್ನುತ್ತಾರೆ. ಈ ಊರಿನ ಶಾಲೆಗೆ ನಾನು ಟೀಚರಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನ ದೋಣಿ ಒಮ್ಮೆಯೂ ನೆಟ್ಟಗೆ ಹೋಗಿಲ್ಲ.

"ಹುಟ್ಟು ಕೊಡಬೇಡ ಕಣೇ, ಗಡಿ ದಾಟಿಸಿ ಕೊಲಂಬಿಯಾಗೆ ಕರ್ಕೊಂಡು ಹೋಗಿಬಿಡುತ್ತೆ ಇದು" ಎಂದು ಹಿಂದಿನಿಂದ ದಿಗ್ನಾ ಎಸ್ತುಪಿನ್ಯಾನ್ ಕಿಚಾಯಿಸುತ್ತಾರೆ. ದಿಗ್ನಾಗೆ ಅರವತ್ತಾರು. ಎರ್ಮೆಲಿಂಡಾ ಅವರ ದೊಡ್ಡ ಮಗಳಿಗೆ ಜ್ಞಾನಸ್ನಾನದಲ್ಲಿ ತಾಯಿಯಾಗಿ ನಿಂತವರು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಾರೆ, ಹಾಗೆ ಕರೆದುಕೊಂಡೇ ಜಗಳವನ್ನೂ ಆಡುತ್ತಾರೆ.

ಎರ್ಮೆಲಿಂಡಾ ಅವರ ಕೊರಳಲ್ಲಿ ಸಂತರ ಪದಕದ ಜೊತೆ ಕಬ್ಬಿಣದ ಬಳೆಯೊಂದು ತೂಗುತ್ತದೆ. ಕೆಸರಿನಿಂದ ತೆಗೆದ ಪ್ರತಿ ಕರಿಚಿಪ್ಪುಮೀನನ್ನೂ ಆ ಬಳೆಯೊಳಗೆ ತೂರಿಸಿ ನೋಡಬೇಕು. ಬಳೆ ದಾಟಿ ಬಿದ್ದರೆ ಅದಿನ್ನೂ ಮರಿ, ತೆಗೆದ ಗುಳಿಗೇ ವಾಪಸ್. ಬಳೆಯಲ್ಲಿ ಸಿಕ್ಕಿಕೊಂಡರೆ ಬುಟ್ಟಿಗೆ. ಊರಿನ ಹದಿನೈದು ಚಿಪ್ಪು ಹೆಂಗಸರ ಕೊರಳಲ್ಲೂ ಇಂಥದೇ ಬಳೆಯಿದೆ. ನಗರದ ಹೋಟೆಲಿನಲ್ಲಿ ಕೂತು, ಈ ಚಿಪ್ಪಿಗೆ ನಿಂಬೆ ಹಿಂಡಿ, ಈರುಳ್ಳಿ ಉದುರಿಸಿ ತಿನ್ನುವವರಲ್ಲಿ ಒಬ್ಬರಾದರೂ ಇದು ಯಾರ ಬೆರಳು ಹುಡುಕಿ ತೆಗೆದದ್ದು ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಪತ್ರಿಕೆಯ ವಾರದ ಪುರವಣಿಗೆ ಈ ಬರಹ ಬರೆಯಲು ಕೂತದ್ದಕ್ಕೆ ಆ ಸಿಟ್ಟೂ ಒಂದು ಕಾರಣ.

ಇವರ ಕೆಲಸ ಹೀಗಿದೆ. ನೀರು ಇಳಿದ ಮೂರೂವರೆ ಗಂಟೆಯೊಳಗೆ, ಆಳೆತ್ತರದ ಬೇರುಗಳ ನಡುವೆ ತೆವಳಿ, ಮೊಣಕೈವರೆಗೆ ಕೆಸರಿಗೆ ತೋಳಿಳಿಸಿ, ಕಣ್ಣಿಗೆ ಕಾಣದ ಚಿಪ್ಪನ್ನು ಬೆರಳ ತುದಿಯಲ್ಲಿ ಹುಡುಕಬೇಕು. ಎರ್ಮೆಲಿಂಡಾ ಅವರ ಬಲಗೈಯ ಮೂರು ಬೆರಳಿಗೆ ಉಗುರಿಲ್ಲ. ಕೆಸರಿನಲ್ಲಿ ಕಪ್ಪೆಮೀನು ಎಂಬುದೊಂದಿದೆ. ಅಂಗೈಯಷ್ಟೇ ಇರುತ್ತದೆ, ಬೆನ್ನಿನಲ್ಲಿ ವಿಷದ ಮುಳ್ಳು. ಚುಚ್ಚಿಸಿಕೊಂಡವರು ಅಂಗಾಂಗ ಕಿತ್ತುಹೋದ ಹಾಗೆ ಚೀರುತ್ತಾರೆ. "ನನಗೆ ಹನ್ನೊಂದು ಸಲ ಚುಚ್ಚಿದೆ. ಮೂರು ಹೆತ್ತಿದೀನಿ. ಯಾವ್ದು ಜಾಸ್ತಿ ನೋವು ಅಂತ ಕೇಳಬೇಡಿ, ಮಕ್ಕಳು ಓದ್ತಾರೆ" ಎಂದು ನಗುತ್ತಾರೆ.

ಹನ್ನೆರಡನೇ ವಯಸ್ಸಿಗೆ ತಾಯಿಯ ಜೊತೆ ಕೆಸರಿಗಿಳಿದವರು ಇವರು. ಒಂಬತ್ತು ಮಕ್ಕಳಲ್ಲಿ ಮೊದಲನೆಯವರು. ಆಗ ಒಂದು ಇಳಿತಕ್ಕೆ ನಾನೂರು ಚಿಪ್ಪು ಸಿಗುತ್ತಿದ್ದವಂತೆ. ಆಮೇಲೆ ಸೀಗಡಿ ಕೊಳದವರು ಬಂದರು. ಅರ್ಧ ಕಾಡು ಯಂತ್ರದ ಬಾಯಿಗೆ ಹೋಯಿತು. ಗಂಡ ಗ್ವಾಯಾಕಿಲ್ ನಗರಕ್ಕೆ ಕೆಲಸಕ್ಕೆ ಹೋದವರು ತಿರುಗಿ ಬರಲಿಲ್ಲ. ಚಿಪ್ಪು ನೂರಕ್ಕಿಳಿಯಿತು, ಎಂಬತ್ತಕ್ಕಿಳಿಯಿತು. "ಸೀಗಡಿಯವರನ್ನ ಬೈತಾ ಬೈತಾ ನಾವೂ ಸುಮ್ನಿರಲಿಲ್ಲ ಪ್ರೋಫೆ. ಗುಂಡಿಯಷ್ಟು ಸಣ್ಣವನ್ನೂ ಬಾಚ್ಕೊಂಡು ಬರ್ತಿದ್ವಿ. ಅದನ್ನೂ ಬರೀರಿ" ಎನ್ನುತ್ತಾರೆ. ಬೇರೆಯವರಾಗಿದ್ದರೆ ಈ ಮಾತನ್ನು ನುಂಗಿಕೊಳ್ಳುತ್ತಿದ್ದರು.

ಹೋದ ವರ್ಷ ಜುಲೈ ಹದಿನಾರು, ಕಾರ್ಮೆನ್ ಮಾತೆಯ ಹಬ್ಬದ ದಿನ, ಈ ಹದಿನೈದು ಹೆಂಗಸರು ಯಾರೂ ಕೇಳದಿದ್ದರೂ ಒಂದು ಕೆಲಸ ಮಾಡಿದರು. ತಮ್ಮ ಪಾಲಿನ ನೀರಿನಲ್ಲೇ ಎಲ್ಲಕ್ಕಿಂತ ಒಳ್ಳೆಯದಾದ ಗಾರ್ಸಾ ಎಂಬ ಕವಲನ್ನು, ಚಿಪ್ಪು ಬೆಳೆಯಲೆಂದು, ಮುಂದಿನ ಹಬ್ಬದವರೆಗೆ ಮುಚ್ಚಿದರು. ಬೇಲಿಯಿಲ್ಲ, ಬೀಗವಿಲ್ಲ, ಸರ್ಕಾರದ ಕಾಗದವಿಲ್ಲ. ಕವಲಿನ ಬಾಯಲ್ಲಿ ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರೂ "ಗಾರ್ಸಾ ಮುಚ್ಚಿದೆ" ಎಂದು ಕೂಗಿದರು, ಅಷ್ಟೇ. ಆಚೆ ದಡದ ಪುಂತಾ ಪ್ರಿಯೇತಾ ಊರಿನವರೂ ಕೇಳಿಸಿಕೊಂಡು ತಲೆಯಾಡಿಸಿದರು. ಈ ನೀರಿನಲ್ಲಿ ಕೂಗಿ ಹೇಳಿದ ಮಾತನ್ನು ಆಮೇಲೆ ದಡದಲ್ಲಿ ಕೂತು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಅದು ಅಜ್ಜಿಯರ ಕಾಲದ ಕಟ್ಟಳೆ. ಮುಚ್ಚುವುದಕ್ಕೆ ಎಲ್ಲರ ಬಾಯಿ ಬೇಕು. ತೆರೆಯುವುದಕ್ಕೆ ಕಾವಲಿಗೆ ನಿಂತವರು ಮೂರು ಸಲ ಕೂಗಿದರೆ ಸಾಕು. ಗಂಟಲು ಗಟ್ಟಿಯೆಂದು ಕಾವಲನ್ನು ಎರ್ಮೆಲಿಂಡಾಗೆ ಒಪ್ಪಿಸಿದರು.

ಕದ್ದು ಒಳಹೊಕ್ಕವರಿಗೆ ಒಂದು ವರ್ಷ ದೋಣಿಯಿಲ್ಲ, ಚಿಪ್ಪು ಹೆಂಗಸರ ಸಂಘದಲ್ಲಿ ಹೆಸರಿಲ್ಲ. ಈ ಶಿಕ್ಷೆಯನ್ನು ಹಟ ಹಿಡಿದು ಬರೆಸಿದವರು ಆಗಲೇ ಕಾಯಿಲೆ ಬಿದ್ದಿದ್ದ ಮುದುಕಿ ಪೆತ್ರೋನಾ. "ಸೊಸೆ ಆದ್ರೂ ಅಷ್ಟೆ, ಮಗಳಾದ್ರೂ ಅಷ್ಟೆ" ಎಂದು ಮೇಜು ಕುಟ್ಟಿದ್ದರು.

ಅಲ್ಲಿಂದೀಚೆಗೆ ತಿಂಗಳಿಗೊಮ್ಮೆ ಎರ್ಮೆಲಿಂಡಾ ಗಾರ್ಸಾದೊಳಗೆ ಹೋಗಿ ನಾಲ್ಕು ಕೋಲು ನೆಟ್ಟು, ಆ ಚೌಕದಲ್ಲಿ ಚಿಪ್ಪು ಎಣಿಸಿ, ಎಣಿಸಿದ್ದನ್ನೆಲ್ಲ ಮತ್ತೆ ಹೂತು ಬರುತ್ತಾರೆ. ಮೊದಲ ತಿಂಗಳು ಮೂರು. ಐದನೇ ತಿಂಗಳು ಎಂಟು. ಹತ್ತನೇ ತಿಂಗಳು ಹದಿನೇಳು. ಅಂಚಿನಲ್ಲಿ ಬೋಳಾಗಿದ್ದ ಕಡೆ ಹೆಂಗಸರೆಲ್ಲ ಸೇರಿ ಆರು ಸಾವಿರದ ಇನ್ನೂರು ಕಾಂಡ್ಲಾ ಸಸಿ ನೆಟ್ಟಿದ್ದಾರೆ. ಮುಂದಿನ ವರ್ಷ ಇನ್ನೊಂದು ಕವಲಿಗೆ ಬಿಡುವು ಕೊಡಬೇಕೆಂಬ ಮಾತು ನಡೆದಿದೆ, ಪುಂತಾ ಪ್ರಿಯೇತಾದವರೂ ತಮ್ಮದೊಂದು ಮುಚ್ಚುತ್ತೇವೆ ಎನ್ನತೊಡಗಿದ್ದಾರೆ. ಎಲ್ಲವೂ ಗಾರ್ಸಾ ಈ ಹಬ್ಬದವರೆಗೆ ತಡೆದುಕೊಳ್ಳುವುದರ ಮೇಲೆ ನಿಂತಿದೆ. ನಾನು ದೋಣಿ ಹತ್ತಿದ ಈ ಗುರುವಾರಕ್ಕೆ ಹಬ್ಬಕ್ಕೆ ಮೂರೇ ವಾರ ಬಾಕಿ.

ಆರು ಗಂಟೆಗೆ ಕಟ್ಟೆಯಿಂದ ದೋಣಿಗಳು ಒಂದರ ಹಿಂದೊಂದು ಹೊರಡುತ್ತವೆ. ಹೊರಡುವಾಗ ಪ್ರತಿಯೊಬ್ಬರೂ ತಾವು ಯಾವ ಕವಲಿಗೆ ಎಂದು ಹೇಳಿ ಹೋಗಬೇಕು. ನುಬಿಯಾ ಅಯೋವಿ, ಇಪ್ಪತ್ತೊಂಬತ್ತರ ಹೆಂಗಸು, ನನ್ನ ಕೈಯಲ್ಲೇ ಅಕ್ಷರ ತಿದ್ದಿದವಳು, ನಮ್ಮ ದೋಣಿಯ ಪಕ್ಕ ಹಾದು ಹೋಗುತ್ತ, "ನಾನು ದಕ್ಷಿಣಕ್ಕೆ, ಬೋಕಾ ವಿಯೇಹಾಗೆ" ಎನ್ನುತ್ತಾಳೆ. ನನ್ನ ಮುಖ ನೋಡುವುದಿಲ್ಲ. ಪೆತ್ರೋನಾ ಅವಳ ಅತ್ತೆ. ಮುದುಕಿ ತೀರಿಕೊಂಡು ಆರು ದಿನವಾಗಿದೆ. ದುಃಖದಲ್ಲಿದ್ದಾಳೆ, ಮಾತು ಬೇಡವಾಗಿರಬೇಕು ಎಂದುಕೊಳ್ಳುತ್ತೇನೆ.

ಎಂಟೂ ಹತ್ತಕ್ಕೆ ನೀರು ಪೂರ್ತಿ ಇಳಿದು ತಿರುಗುತ್ತದೆ. ಒಂಬತ್ತಕ್ಕೆ ಎರ್ಮೆಲಿಂಡಾ ಕೆಸರು ತೊಳೆದುಕೊಂಡು ದೋಣಿಯಲ್ಲಿ ಎದ್ದು ನಿಂತು, ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗುತ್ತಾರೆ. "ಊ... ಊ... ಈ!" ಏರುವ ನೀರಿಗೆ ಸಿಗದಂತೆ ಎಲ್ಲರನ್ನೂ ಹೊರಡಿಸುವ ಕೂಗು ಇದು. ಬೇರುಗಳ ನಡುವೆ ಐದು ಮಾರು ಆಚೆಗಿರುವವರೂ ಕಾಣುವುದಿಲ್ಲ, ದನಿಯೊಂದೇ ಗುರುತು. ಎಡಗಡೆಯಿಂದ ಒಂದು ಉತ್ತರ, ಬಹಳ ದೂರದಿಂದ ಎರಡು, ನಡುವೆ ದಿಗ್ನಾ ಅವರ ಕೋಳಿ ಕೂಗಿನಂಥ ಒಂದು. ಎರ್ಮೆಲಿಂಡಾ ಬೆರಳು ಮಡಿಸುತ್ತ ಹೋಗುತ್ತಾರೆ. ದಿನವೂ ಹದಿನಾಲ್ಕು ಉತ್ತರ ಬರಬೇಕು. ಇವತ್ತು ಬೆರಳು ಹದಿಮೂರಕ್ಕೆ ನಿಲ್ಲುತ್ತದೆ.

ಇನ್ನೊಂದು ಸಲ ಕೂಗುತ್ತಾರೆ. ಹದಿಮೂರೇ.

"ನುಬಿಯಾ" ಎನ್ನುತ್ತಾರೆ. ಮುಖದಲ್ಲಿ ನಗುವಿಲ್ಲ.

ದಿಗ್ನಾ ತಮ್ಮ ದೋಣಿಯನ್ನು ಬಿಟ್ಟು ನಮ್ಮದಕ್ಕೆ ಹತ್ತಿಕೊಳ್ಳುತ್ತಾರೆ. ಇಬ್ಬರೂ ಹುಟ್ಟು ಹಾಕಿ ದಕ್ಷಿಣಕ್ಕೆ, ಬೋಕಾ ವಿಯೇಹಾದತ್ತ ಓಡಿಸುತ್ತಾರೆ. ನನಗೆ ಯಾರೂ ಹುಟ್ಟು ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ಕವಲಿನ ಉದ್ದಕ್ಕೂ ಕೂಗುತ್ತ ಹೋಗುತ್ತೇವೆ. ಏಡಿಗಳ ಟಕಟಕ ಸದ್ದು ಬಿಟ್ಟರೆ ಏನೂ ಇಲ್ಲ. ಕೆಸರಿನಲ್ಲಿ ಹೆಜ್ಜೆ ಗುರುತಿಲ್ಲ, ಬೇರಿಗೆ ಕಟ್ಟಿದ ದೋಣಿಯಿಲ್ಲ. ಹೋಗಿ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿದೆ. ಬೆಳಿಗ್ಗೆ ಒಣಗಿದ್ದ ಬೇರುಗಳ ಬುಡಕ್ಕೆ ನೀರು ಏರಿದೆ. ಏಳು ವರ್ಷದವಳಾಗಿದ್ದಾಗ ಮೊದಲ ಬೆಂಚಿನಲ್ಲಿ ಕೂತು ಹಲಗೆಗೆ ಉಗುಳಿ ಒರೆಸುತ್ತಿದ್ದ ಮಗು ಕಣ್ಣ ಮುಂದೆ ಬಂದುಹೋಗುತ್ತದೆ.

ದೊಡ್ಡ ಕಾಲುವೆಗೆ ವಾಪಸಾದಾಗ ಉಳಿದ ಹೆಂಗಸರ ದೋಣಿಗಳು ಒಂದಕ್ಕೊಂದು ತಾಗಿ ನಿಂತಿವೆ. ಒಬ್ಬರೂ ಊರಿಗೆ ಹೊರಟಿಲ್ಲ. ಪುಂತಾ ಪ್ರಿಯೇತಾದ ನಾಲ್ಕು ದೋಣಿಗಳೂ ಸುದ್ದಿ ತಿಳಿದು ಬಂದು ನಿಂತಿವೆ. ಎರ್ಮೆಲಿಂಡಾ ದೋಣಿಯಲ್ಲಿ ನಿಂತು ಕಾಡಿನ ತಲೆಯ ಮೇಲೆ ಉದ್ದಕ್ಕೂ ಕಣ್ಣು ಹಾಯಿಸುತ್ತಾರೆ.

"ಹೊಗೆ ಇಲ್ಲ" ಎನ್ನುತ್ತಾರೆ ಕೊನೆಗೆ.

"ಬಿದ್ದಿದ್ದಾಳೋ ಏನೋ ಕೊಮಾದ್ರೆ" ಎನ್ನುತ್ತಾರೆ ದಿಗ್ನಾ.

"ಬಿದ್ದಿದ್ರೂ ಸಿಪ್ಪೆ ಮಧ್ಯಾಹ್ನದ ತನಕ ಹೊಗೆ ಬಿಡುತ್ತೆ. ಸಿಪ್ಪೆಗೇನು ಗೊತ್ತು? ಹೊಗೆ ಇಲ್ಲ ಅಂದ್ರೆ ಇವಳೇ ಕೈಯಾರೆ ನೀರು ಹೊಯ್ದು ಆರಿಸಿದ್ದಾಳೆ. ಕಾಣಬಾರದು ಅಂತ." ಹುಟ್ಟನ್ನು ಕೈಗೆತ್ತಿಕೊಂಡು, "ಗಾರ್ಸಾದಲ್ಲಿದ್ದಾಳೆ" ಎನ್ನುತ್ತಾರೆ.

ಎಲ್ಲರಿಗೂ ಅರ್ಥವಾಗಿದೆ. ಗಾರ್ಸಾದೊಳಗಿನಿಂದ ಓಗೊಟ್ಟರೆ ದನಿ ಬಂದ ದಿಕ್ಕೇ ಅವಳನ್ನು ಹಿಡಿದುಕೊಡುತ್ತದೆ. ಅದಕ್ಕೇ ಬಾಯಿ ಮುಚ್ಚಿ ಕೂತಿದ್ದಾಳೆ. ಕೂತಿರುವುದು ಯಾಕೆ, ಎದ್ದು ದೋಣಿ ಹತ್ತದೆ ಇರುವುದು ಯಾಕೆ, ಅದು ಗೊತ್ತಿಲ್ಲ.

ನಾವು ಗಾರ್ಸಾದ ಬಾಯಿಗೆ ಬರುತ್ತೇವೆ, ಉಳಿದ ದೋಣಿಗಳೂ ಹಿಂದೆಯೇ ಬರುತ್ತವೆ. ಒಳಗೆ ಆ ಕವಲು ಏಳು ಸಣ್ಣ ಸೀಳುಗಳಾಗಿ ಒಡೆಯುತ್ತದೆ. ಒಂದೊಂದನ್ನೂ ಹುಡುಕಬೇಕೆಂದರೆ ಎರಡು ಗಂಟೆ ಬೇಕು. ನೀರು ಅಷ್ಟು ಹೊತ್ತು ಕೊಡುವುದಿಲ್ಲ. ನನ್ನ ಗಡಿಯಾರದಲ್ಲಿ ಹತ್ತೂ ಹತ್ತು.

"ನುಬಿಯಾ!" ಎಂದು ದಿಗ್ನಾ ಚೀರುತ್ತಾರೆ. "ಬಾರೇ ಹೊರಗೆ, ಯಾರೂ ಏನೂ ಅನ್ನಲ್ಲ!"

ಉತ್ತರವಿಲ್ಲ.

"ಕ್ಷಮಿಸಿದೀವಿ ಅಂತ ನೀನು ಕೂಗು" ಎಂದು ದಿಗ್ನಾ ಎರ್ಮೆಲಿಂಡಾ ಅವರ ತೋಳು ಹಿಡಿದು ಅಲುಗಿಸುತ್ತಾರೆ. "ನಿನ್ನ ಮಾತು ನಂಬ್ತಾಳೆ."

"ಕ್ಷಮಿಸೋದು ಸಭೆ ಕೆಲಸ, ನಂದಲ್ಲ. ಅದು ಅವಳಿಗೂ ಗೊತ್ತು. ಸುಳ್ಳು ಹೇಳಿ ಕರೀತಿದ್ದಾಳೆ ಅಂತ ಇನ್ನೂ ಒಳಕ್ಕೆ ಹೋಗ್ತಾಳೆ." ಎರ್ಮೆಲಿಂಡಾ ಕೊರಳಿನ ಬಳೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಾರೆ. "ನನ್ನ ಕೈಲಿರೋದು ಒಂದೇ."

ದಿಗ್ನಾಗೆ ತಟ್ಟನೆ ಹೊಳೆಯುತ್ತದೆ. "ಬೇಡ ಕಣೇ. ಮೂರು ವಾರ ಉಳಿದಿದೆ. ಅಲ್ಲಿ ನೋಡು, ಪುಂತಾ ಪ್ರಿಯೇತಾದವರು ನಿಂತಿದ್ದಾರೆ. ನಾಳೆ ಬೆಳಿಗ್ಗೆ ಮೂವತ್ತು ದೋಣಿ ಒಳಗಿರ್ತಾವೆ. ಹನ್ನೊಂದು ತಿಂಗಳು, ಎರ್ಮಾ!"

"ಗೊತ್ತು."

"ಮತ್ತೆ ಮುಚ್ಚೋಕ್ಕಾಗಲ್ಲ."

"ಗೊತ್ತು ಅಂದೆನಲ್ಲ ಕೊಮಾದ್ರೆ."

ಆ ಹೊತ್ತಿನಲ್ಲಿ ಅವರ ಮುಖವನ್ನು ನೋಡಿದವಳು ನಾನೊಬ್ಬಳೇ ಇರಬೇಕು, ಎಲ್ಲರೂ ಕಾಡಿನ ಕಡೆ ನೋಡುತ್ತಿದ್ದರು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಹದಿನೇಳು ಚಿಪ್ಪಿನ ಆ ಚೌಕವನ್ನು ಅವರು ಮೊಮ್ಮಕ್ಕಳ ಹಲ್ಲು ಎಣಿಸಿದ ಹಾಗೆ ಎಣಿಸಿದವರು. ಅವರು ದೋಣಿಯಲ್ಲಿ ನೆಟ್ಟಗೆ ನಿಲ್ಲುತ್ತಾರೆ. ಎದೆ ತುಂಬ ಉಸಿರೆಳೆದುಕೊಂಡು ಕೂಗುತ್ತಾರೆ.

"ಗಾರ್ಸಾ ತೆರೆದಿದೆ!"

ಹಿಂದಿನ ದೋಣಿಯೊಂದರಲ್ಲಿ ಯಾರೋ "ಅಯ್ಯೋ ದೇವರೇ" ಎನ್ನುತ್ತಾರೆ.

"ಗಾರ್ಸಾ ತೆರೆದಿದೆ! ಗಾರ್ಸಾ ತೆರೆದಿದೆ!"

ಮೂರು ಸಲ. ಇಡೀ ನೀರು ಕೇಳಿಸಿಕೊಂಡಿದೆ. ಈಗ ಗಾರ್ಸಾದಲ್ಲಿ ಇರುವವರು ಯಾರೂ ಕಳ್ಳರಲ್ಲ. ನಾವು ಕಿವಿ ನೆಟ್ಟು ಕೂತಿದ್ದೇವೆ. ಬೇರುಗಳ ಕೆಳಗೆ ನೀರು ಗುಳುಗುಳು ಎನ್ನುತ್ತ ಏರುತ್ತಿದೆ. ಆಮೇಲೆ ಬಲಗಡೆಯ ಸೀಳಿನಿಂದ, ಬೆಕ್ಕಿನ ಮರಿಯ ದನಿಯಷ್ಟು ಸಣ್ಣಗೆ, "ಊ... ಈ" ಎಂದು ಕೇಳಿಸುತ್ತದೆ.

ಎರ್ಮೆಲಿಂಡಾ ಹದಿನಾಲ್ಕನೇ ಬೆರಳನ್ನು ಮಡಿಸುವುದಿಲ್ಲ. ಹುಟ್ಟು ಹಿಡಿದುಕೊಂಡಾಗಿದೆ.

ನಾವು ತಲುಪಿದಾಗ ನುಬಿಯಾಗೆ ನೀರು ಕುತ್ತಿಗೆಯ ಬುಡದವರೆಗೆ ಬಂದಿದೆ. ಎರಡೂ ತೋಳಿನಿಂದ ಬೇರೊಂದನ್ನು ತಬ್ಬಿಕೊಂಡಿದ್ದಾಳೆ. ಚೀರುವುದು ಕೇಳಿಸದಂತೆ ತಲೆಗೆ ಕಟ್ಟುವ ಬಟ್ಟೆಯನ್ನು ಬಾಯಿಯಲ್ಲಿ ಕಚ್ಚಿದ ಗುರುತು ಕೆನ್ನೆಯ ಮೇಲಿದೆ. ಏಳೂವರೆಗೇ ಕಪ್ಪೆಮೀನಿನ ಮುಳ್ಳು ಬೂಟು ತೂರಿ ಪಾದಕ್ಕೆ ಚುಚ್ಚಿದೆ, ನೋವಿಗೆ ಹಾರಿ ಕಾಲನ್ನು ಬೇರಿನ ಸಂದಿಗೆ ಸಿಕ್ಕಿಸಿಕೊಂಡಿದ್ದಾಳೆ, ಪಾದ ಊದಿ ಅಲ್ಲೇ ಬಿಗಿದುಹೋಗಿದೆ. ಎರ್ಮೆಲಿಂಡಾ ನೀರಿಗೆ ಧುಮುಕಿ ಮುಳುಗುತ್ತಾರೆ. ಮೇಲೆ ಬರುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಮತ್ತೆ ಮುಳುಗುತ್ತಾರೆ. ಮೂರನೇ ಸಲಕ್ಕೆ ರಬ್ಬರ್ ಬೂಟು ಕೆಸರಿನಲ್ಲೇ ಉಳಿದು ಕಾಲು ಹೊರಬರುತ್ತದೆ. ನಾನು, ದಿಗ್ನಾ ಸೇರಿ ಅವಳನ್ನು ದೋಣಿಯೊಳಕ್ಕೆ ಎಳೆದುಕೊಳ್ಳುತ್ತೇವೆ. ಊದಿದ ಪಾದವನ್ನು ದಿಗ್ನಾ ಹೊಗೆ ಡಬ್ಬಿಯ ಬಿಸಿಗೆ ಹಿಡಿಯುತ್ತಾರೆ. ಕಪ್ಪೆಮೀನಿನ ವಿಷಕ್ಕೆ ಇಲ್ಲಿಯವರು ಕಾವು ಕೊಡುವುದು ಬಿಟ್ಟು ಬೇರೇನೂ ನಂಬುವುದಿಲ್ಲ.

"ಯಾಕೇ ಕೂಗಲಿಲ್ಲ, ಹುಚ್ಚಿ?" ಎನ್ನುತ್ತಾರೆ ದಿಗ್ನಾ. ಬೈಯುತ್ತಲೇ ಅವಳ ಕೂದಲಿನ ಕೆಸರು ಒರೆಸುತ್ತಿದ್ದಾರೆ.

"ಎಲ್ಲರೂ ಹೋಗಲಿ, ಆಮೇಲೆ ಹೇಗಾದ್ರೂ ಬಿಡಿಸ್ಕೊಳ್ಳೋಣ ಅಂದ್ಕೊಂಡೆ. ಸೊಂಟಕ್ಕೆ ಬಂದಾಗ ಕೂಗೋಣ ಅಂದ್ಕೊಂಡೆ. ಸೊಂಟಕ್ಕೆ ಬಂತು. ಎದೆಗೆ ಬರಲಿ ಅಂದ್ಕೊಂಡೆ." ಅವಳ ಹಲ್ಲು ಕಟಕಟ ಎನ್ನುತ್ತಿವೆ. "ಭಾನುವಾರ ಅತ್ತೆಯ ಒಂಬತ್ತನೇ ದಿನ. ಊರೆಲ್ಲಾ ಊಟಕ್ಕೆ ಬರುತ್ತೆ. ಪೆತ್ರೋನಾ ಮನೇಲಿ ಚಿಪ್ಪಿಲ್ಲದೆ ಊಟ ಹಾಕಿದ್ರು ಅನ್ನಿಸ್ಕೊಳ್ಳಬೇಕಾ? ಮೂರು ದಿನದಿಂದ ಬೋಕಾ ವಿಯೇಹಾದಲ್ಲಿ ಅಗೀತಿದೀನಿ ದೋನ್ಯಾ ಎರ್ಮಾ. ಬಳೆ ದಾಟದೇ ಇರೋದು ಹನ್ನೆರಡೂ ಸಿಗಲಿಲ್ಲ."

ಅವಳ ದೋಣಿ ಪಕ್ಕದ ಬೇರಿಗೆ ಕಟ್ಟಿ ತೇಲುತ್ತಿದೆ. ಅದರಲ್ಲಿ ಬುಟ್ಟಿಯಿದೆ. ಅರವತ್ತೊಂದು ಚಿಪ್ಪು, ಒಂದೊಂದೂ ಅಂಗೈ ತುಂಬುವಂಥದು. ನುಬಿಯಾ ಅಲ್ಲಿಗೆ ಕೈ ಚಾಚುತ್ತಾಳೆ. "ಸುರಿದುಬಿಡಿ. ದಮ್ಮಯ್ಯ, ನೀರಿಗೆ ಸುರಿದುಬಿಡಿ."

"ಯಾಕೆ ಸುರೀಬೇಕು?" ಎರ್ಮೆಲಿಂಡಾ ಕಟ್ಟಿಹೋದ ದನಿಯಲ್ಲಿ ಹೇಳುತ್ತಾರೆ. "ತೆರೆದಿರೋ ಕವಲಿನ ಚಿಪ್ಪು. ಭಾನುವಾರ ಬೇಯಿಸು."

"ತೆರೆಯೋಕೆ ಮುಂಚೆ ಅಗೆದದ್ದಲ್ವೇನೇ ಅದು?" ಎನ್ನುತ್ತಾರೆ ದಿಗ್ನಾ.

"ಗಡಿಯಾರ ಯಾರ ಹತ್ರ ಇದೆ?"

ಗಡಿಯಾರ ನನ್ನ ಹತ್ತಿರವಿದೆ. ನಾನು ಕೈಯನ್ನು ಬೆನ್ನ ಹಿಂದಕ್ಕೆ ಸರಿಸುತ್ತೇನೆ.

ದಡ ಮುಟ್ಟಿದ ಮೇಲೆ ನುಬಿಯಾಳ ಕಾಲು ಬಿಸಿನೀರಿನಲ್ಲಿ ಮೂರು ಗಂಟೆ ಇರುತ್ತದೆ. ಎರ್ಮೆಲಿಂಡಾ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಮಗಳು ತಂದಿಟ್ಟ ಮೀನು, ಬಾಳೆಕಾಯಿಯ ತಟ್ಟೆ ಆರಿ ತಣ್ಣಗಾಗಿದೆ. ನಾನು ಪಕ್ಕದಲ್ಲಿ ಕೂತರೆ, "ಸರಿ ಮಾಡಿದೆನಾ ಅಂತ ನನ್ನ ಕೇಳಬೇಡಿ. ಹುಡುಗಿ ಬದುಕಿದಳು. ಸರಿ ಮಾಡಿದೆ" ಎನ್ನುತ್ತಾರೆ, ತಾವೇ ಕೇಳಿ ತಾವೇ ಹೇಳಿಕೊಂಡಂತೆ. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೆ ಹದಿನೇಳು ಇತ್ತು ಪ್ರೋಫೆ. ಚೌಕದಲ್ಲಿ ಹದಿನೇಳು" ಎನ್ನುತ್ತಾರೆ. ಪುಂತಾ ಪ್ರಿಯೇತಾದವರು ಕೆಟ್ಟವರಲ್ಲ. ಅವರ ಬುಟ್ಟಿಗಳೂ ವರ್ಷಗಟ್ಟಲೆಯಿಂದ ಖಾಲಿಯೇ ಇವೆ. ಬಾಗಿಲು ತೆರೆದಿದೆ ಎಂದು ಕೂಗಿದ ಮೇಲೆ ಒಳಗೆ ಬಂದವರನ್ನು ಬೈಯುವುದಾದರೂ ಹೇಗೆ?

ಶುಕ್ರವಾರ ಬೆಳಗಾಗುವ ಮೊದಲೇ ಅವರು ನನ್ನ ಬಾಗಿಲು ತಟ್ಟುತ್ತಾರೆ. ಇಬ್ಬರೇ ಹೊರಡುತ್ತೇವೆ. "ಎಷ್ಟು ದೋಣಿ ಒಳಗೆ ಹೋಗ್ತಾವೆ ಅಂತ ನೋಡಿಬಿಡ್ತೀನಿ. ಮನೇಲಿ ಕೂತು ಎಣಿಸೋದಕ್ಕಿಂತ ಮೇಲು" ಎನ್ನುತ್ತಾರೆ. ಕಾಲುವೆಯ ತಿರುವಿನಲ್ಲಿ ಅವರು ಹುಟ್ಟು ಎತ್ತಿ ಹಿಡಿಯುತ್ತಾರೆ.

ಗಾರ್ಸಾದ ಬಾಯಲ್ಲಿ ಆಗಲೇ ಒಂದು ದೋಣಿಯಿದೆ. ಅಡ್ಡಡ್ಡ ನಿಂತಿದೆ. ಅದರಲ್ಲಿ ನುಬಿಯಾ, ಬಟ್ಟೆ ಸುತ್ತಿದ ಕಾಲನ್ನು ಮುಂದಿನ ಹಲಗೆಯ ಮೇಲೆ ಚಾಚಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಹೊಗೆ ಡಬ್ಬಿ ದಟ್ಟವಾಗಿ ಹೊಗೆಯಾಡುತ್ತಿದೆ. ಇಡೀ ಕೊಲ್ಲಿಗೇ ಕಾಣುವಷ್ಟು.

ಪುಂತಾ ಪ್ರಿಯೇತಾದ ದೋಣಿಗಳು ಬರುತ್ತಿವೆ. ನಾನು ಎಣಿಸುತ್ತೇನೆ, ಒಂಬತ್ತು. ಎರ್ಮೆಲಿಂಡಾ ಎಣಿಸುತ್ತಿಲ್ಲ, ನುಬಿಯಾಳನ್ನೇ ನೋಡುತ್ತಿದ್ದಾರೆ. ಮೊದಲ ದೋಣಿ ಹತ್ತಿರ ಬಂದಾಗ ಅವಳು ಹುಟ್ಟಿನಿಂದ ತನ್ನ ದೋಣಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾಳೆ.

"ತೆರೆದಿದೆ, ಹೋಗಿ" ಎನ್ನುತ್ತಾಳೆ. ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. "ಯಾಕೆ ತೆರೀತು ಅಂತ ಹೇಳ್ತೀನಿ, ಕೇಳ್ಕೊಂಡು ಹೋಗಿ. ನಾನು ಕದ್ದು ಒಳಗೆ ಬಂದಿದ್ದೆ. ಕೂಗಿದ್ರೆ ಓಗೊಡಲಿಲ್ಲ. ನಾನು ಸಾಯಬಾರದು ಅಂತ ದೋನ್ಯಾ ಎರ್ಮಾ ತೆರೆದ್ರು. ಅಷ್ಟೇ. ಇನ್ನು ಹೋಗಿ."

ದೋಣಿಯಲ್ಲಿದ್ದ ನಡುವಯಸ್ಸಿನ ಗಂಡಸು ಅವಳ ಕಾಲನ್ನು ನೋಡುತ್ತಾನೆ. ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾನೆ. "ಕಪ್ಪೆಮೀನಾ?" ಎಂದು ಕೇಳುತ್ತಾನೆ.

"ಹೂಂ."

"ಉರಿ ಇದೆಯಾ?"

"ಇದೆ."

"ಬಿಸಿನೀರು ಬಿಡಬೇಡ" ಎಂದು ಹೇಳಿ ಅವನು ದೋಣಿಯನ್ನು ಬಂದ ದಾರಿಗೇ ತಿರುಗಿಸುತ್ತಾನೆ. ಅವನ ಹಿಂದೆ ಬಂದವರಿಗೂ ಅವಳು ಅದೇ ಮಾತನ್ನು ಮೊದಲಿನಿಂದ ಹೇಳುತ್ತಾಳೆ, ಒಂಬತ್ತು ಸಲ. ನಾಲ್ಕನೆಯವನು ಗೊಣಗಿಕೊಂಡು ಸ್ವಲ್ಪ ಹೊತ್ತು ಅಲ್ಲೇ ತೇಲುತ್ತಾನೆ, ಒಂದು ಸಲ ಹುಟ್ಟನ್ನು ಒಳಕ್ಕೆ ತಿರುಗಿಸಿಯೂ ನೋಡುತ್ತಾನೆ. ಕೊನೆಗೆ ಅವನೂ ಉಳಿದವರ ಹಿಂದೆ ಹೋಗುತ್ತಾನೆ. ಎರ್ಮೆಲಿಂಡಾ ದೋಣಿಯ ಅಂಚನ್ನು ಹಿಡಿದ ಕೈ ಸಡಿಲಿಸುವುದು ಆಮೇಲೆಯೇ.

ಆ ಗುರುವಾರ ಕಳೆದು ಒಂಬತ್ತು ದಿನವಾಗಿದೆ. ಪೆತ್ರೋನಾ ಅವರ ಒಂಬತ್ತನೇ ದಿನ ಚೆನ್ನಾಗಿಯೇ ನಡೆಯಿತು, ತೆಂಗಿನ ಹಾಲಿನಲ್ಲಿ ಬೇಯಿಸಿದ ಅರವತ್ತೊಂದು ಚಿಪ್ಪಿಗೆ ಊರಿನ ಹೆಂಗಸರು ತಮ್ಮ ತಮ್ಮ ಬುಟ್ಟಿಯಿಂದ ಹಾಕಿದ್ದೂ ಸೇರಿ ಯಾರಿಗೂ ಕಡಿಮೆಯಾಗಲಿಲ್ಲ. ಎರ್ಮೆಲಿಂಡಾ ಎರಡು ಸಲ ಬಡಿಸಿಕೊಂಡರು. ಅವತ್ತು ಸಭೆ ಸೇರಿ ನುಬಿಯಾಳನ್ನು ಏನು ಮಾಡುವುದೆಂದು ಮಾತೆತ್ತಿದಾಗ ದಿಗ್ನಾ, "ಏನು ಮಾಡೋದು? ತೆರೆದಿದ್ದ ಕವಲಿಗೆ ಹೋಗಿದ್ಲು" ಎಂದು ಹೇಳಿ ಇನ್ನೊಂದು ತುತ್ತು ಬಾಯಿಗಿಟ್ಟರಂತೆ. ನುಬಿಯಾ ಮಾತ್ರ ದಿನವೂ ಕುಂಟುತ್ತ ಹೋಗಿ ಗಾರ್ಸಾದ ಬಾಯಲ್ಲಿ ಕೂರುತ್ತಾಳೆ. ಯಾರೂ ಹೇಳಿಲ್ಲ. ಬೇರೆ ಬೇರೆ ಊರಿನಿಂದ ಸುದ್ದಿ ಕೇಳಿ ಬಂದವರಿಗೆಲ್ಲ ತನ್ನ ತಪ್ಪನ್ನು ಮೊದಲಿನಿಂದ ಹೇಳುತ್ತಾಳೆ.

ನಾನು ಇದನ್ನು ಬರೆದು ಮುಗಿಸುವ ಮುನ್ನ ಎರ್ಮೆಲಿಂಡಾ ಅವರ ಬಳಿ ಹೋಗಿ ನಿಮ್ಮ ಆಸೆಯೇನು ಎಂದು ಕೇಳಿದೆ. ವಾರದ ಪುರವಣಿಯವರಿಗೆ ಕೊನೆಯಲ್ಲಿ ಅಂಥದೊಂದು ಬೇಕಾಗುತ್ತದೆ. ಬೆಲ್ಲದ ಕಾಫಿ ಸೋಸುತ್ತಿದ್ದವರು ಲೋಟವನ್ನು ನನ್ನ ಮುಂದಿಟ್ಟರು. "ಕೈಗವಸು ತೂತಾಗಿದೆ, ಒಂದು ಜೊತೆ ಒಳ್ಳೇದು ಸಿಕ್ಕಿದ್ರೆ ಆಗ್ತಿತ್ತು" ಎಂದರು. ಆಮೇಲೆ, "ಹಬ್ಬದ ದಿನ ತೆರೆದಿದೆ ಅಂತ ಇನ್ನೊಂದು ಸಲ ಕೂಗಬೇಕು. ಆವತ್ತು ಅಳ್ತಾ ಕೂಗಿದ್ದು ಲೆಕ್ಕಕ್ಕೆ ಬರಬಾರದು" ಎಂದರು. ಹಬ್ಬಕ್ಕೆ ಇನ್ನು ಹನ್ನೆರಡು ದಿನವಿದೆ. ಮೊನ್ನೆ ಚೌಕದಲ್ಲಿ ಹತ್ತೊಂಬತ್ತು ಸಿಕ್ಕಿವೆ.

"ಹಾಗಾದರೆ ಗಾರ್ಸಾ ಈಗ ತೆರೆದಿದೆಯೋ ಮುಚ್ಚಿದೆಯೋ?" ಎಂದೆ. "ಏನಂತ ಬರೆಯಲಿ?"

ಅವರು ಕೊರಳಿನ ಬಳೆಯನ್ನು ಸೆರಗಿನಂತೆ ಹೆಗಲಿಗಿಳಿಬಿಟ್ಟಿದ್ದ ಬಟ್ಟೆಯಲ್ಲಿ ಒರೆಸಿ ಮತ್ತೆ ಎದೆಯ ಮೇಲೆ ಬಿಟ್ಟುಕೊಂಡರು.

"ತೆರೆದಿದೆ ಅಂತಾನೇ ಬರೀರಿ, ಪ್ರೋಫೆ. ಯಾರೂ ಒಳಗೆ ಹೋಗ್ತಾ ಇಲ್ಲ ಅಂತಾನೂ ಬರೀರಿ."